ನಾನು ನೀರಂತೆ, ಅವರು ಬೆಂಕಿಯಂತೆ

ಶಿವನನ್ನು ನಂಬಿದ ಅಕ್ಕಂದಿರಿಗೂ ಅಣ್ಣಂದಿರಿಗೂ ಶರಣು. ನನ್ನ ಗಂಡ ದೇವರ ಹೆಸರು ಹೇಳಿಯೇ ನನ್ನನ್ನು ಮನೆಯಿಂದ ಹೊರಗೆ ಹಾಕಿದರು. ಕುಡಿತದ ಗಂಡನಾಗಿದ್ದರೆ ಊರವರು ನನ್ನ ಪರವಾಗಿ ಒಂದೆರಡು ಮಾತಾದರೂ ಆಡುತ್ತಿದ್ದರು. ದೇವರ ವಿಷಯವಾದ್ದರಿಂದ ಎಲ್ಲರೂ ಬಾಯಿ ಮುಚ್ಚಿಕೊಂಡರು.

ನಮ್ಮದು ಅಜ್ಜಂಪುರದಲ್ಲಿ ಹತ್ತಿ ವ್ಯಾಪಾರದ ಮನೆ. ಪ್ಲೇಗು ಇಳಿದು, ಊರಾಚೆ ಗುಡಿಸಲು ಹಾಕಿಕೊಂಡಿದ್ದ ಜನ ಮತ್ತೆ ಮನೆಗಳಿಗೆ ಬಂದ ವರ್ಷ ಅದು. ಅಷ್ಟು ಸಾವು ಕಂಡವರಿಗೆ ಯಾರು ಏನು ಹೇಳಿದರೂ ನಂಬುವ ಮನಸ್ಸು. ವ್ಯಾಪಾರಕ್ಕೆಂದು ತರೀಕೆರೆಗೆ ಹೋದ ನಮ್ಮವರು ಅಲ್ಲಿ ಬೀಡುಬಿಟ್ಟಿದ್ದ ಒಬ್ಬ ಸಾಧುವನ್ನು ಕಂಡು, ಬೇರೆಯೇ ಮನುಷ್ಯರಾಗಿ ಹಿಂತಿರುಗಿದರು.

ಆತನ ಬೋಧೆ ಇದು. ಪೃಥ್ವಿ, ಜಲ, ತೇಜಸ್ಸು, ವಾಯು, ಇವುಗಳಲ್ಲಿ ಒಂದು ಪ್ರತಿಯೊಬ್ಬರಲ್ಲೂ ಮೇಲಾಗಿರುತ್ತದೆ. ಅವರವರು ಅದರದೇ ದಾರಿ ಹಿಡಿಯಬೇಕು. ಪೃಥ್ವಿಯವರಿಗೆ ಹುತ್ತದ ಮಣ್ಣಿನ ಪೂಜೆ, ತಾಯಿತ. ಜಲದವರಿಗೆ ಅಭಿಷೇಕ, ಮಂತ್ರಿಸಿದ ನೀರು. ತೇಜಸ್ಸಿನವರಿಗೆ ಹೋಮ. ವಾಯುವಿನವರಿಗೆ ಉಸಿರು ಕಟ್ಟುವ ಯೋಗ. ಐದನೆಯದಾದ ಆಕಾಶ ಸಂಸಾರಿಗಳಿಗೆ ದಕ್ಕುವುದಿಲ್ಲವಂತೆ. ದಾರಿಗಳನ್ನು ಬೆರೆಸಿದರೆ ಮನೆಯೇ ಹಾಳಂತೆ.

ಕೆಲವು ದಿನ ಕಳೆದು ಆ ಸಾಧು ನಮ್ಮ ಮನೆಗೇ ಬಂದ. ಎಲ್ಲರ ನಾಡಿ ಹಿಡಿದು ನೋಡಿದ. ನಮ್ಮವರು ತೇಜಸ್ಸು, ಎಂದರೆ ಬೆಂಕಿ. ಐದು ವರ್ಷದ ನನ್ನ ಮಗಳು ಪಾರ್ವತಿ ವಾಯು. ನಾನು ಜಲ.

"ಗಾಳಿ ಬೆಂಕಿಯನ್ನು ಬೆಳೆಸುತ್ತದೆ, ಮಗು ನಿನ್ನ ಹತ್ತಿರವೇ ಇರಲಿ. ನೀರು ಇರುವ ಮನೆಯಲ್ಲಿ ಮಾತ್ರ ನಿನ್ನ ಸಾಧನೆ ನಿಲ್ಲದು," ಎಂದು ನಮ್ಮವರಿಗೆ ಹೇಳಿದ.

ಮಾರನೆಯ ಬೆಳಿಗ್ಗೆಯೇ ಗಾಡಿ ಹೂಡಿಸಿದರು. ನಾನು ಅವರ ಕಾಲು ಹಿಡಿದು ಗೋಳಾಡಿದೆ. ಅವರು ಹಿಂದೆ ಸರಿದು, "ಮುಟ್ಟಬ್ಯಾಡ, ಸ್ನಾನ ಆಗೈತೆ," ಎಂದರು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಆಕೆ ನಾನು ಬಂದ ದಿನದಿಂದ ನನ್ನ ಅಡುಗೆಗೆ ಹೆಸರಿಟ್ಟವರು, ನನ್ನ ತವರನ್ನು ಆಡಿಕೊಂಡವರು. ಆ ದಿನ ಚೀರುತ್ತಿದ್ದ ಮಗುವನ್ನು ಎತ್ತಿಕೊಂಡು ಒಳಗೆ ಹೋದರು.

ನಾನು ಯಗಟಿಯ ತವರಿಗೆ ಬಂದೆ. ಪ್ರತಿ ಸೋಮವಾರ ಮಲ್ಲಿಕಾರ್ಜುನನ ಗುಡಿಯಲ್ಲಿ ಕೂತು, "ಅವರ ಮನಸ್ಸು ತಿರುಗಿಸು, ನನ್ನ ಮಗುವನ್ನು ಕೊಡು," ಎಂದು ಬೇಡುತ್ತಿದ್ದೆ. ಗುಡಿಗೆ ಬರುವ ಹೆಂಗಸರು, "ಗಂಡ ಸುಮ್ನೆ ಬಿಡ್ತಾನೇನೇ? ಏನಾರ ಇದ್ದೇ ಇರ್ತದೆ," ಎಂದು ನನಗೆ ಕೇಳುವಂತೆಯೇ ಹೇಳುತ್ತಿದ್ದರು. ಮಳೆಗಾಲ ಹೋಯಿತು, ಚಳಿ ಬಂತು. ಕಲ್ಲಿನ ಮುಂದೆ ಕೂತು ಕೂತು ನಾನೂ ಕಲ್ಲಾಗುತ್ತಿದ್ದೆ. ಕೊನೆಕೊನೆಗೆ ಬೇಡುವುದು ಹೋಗಿ ಬೈಯುವುದಷ್ಟೇ ಉಳಿದಿತ್ತು.

ಒಂದು ಸಂಜೆ ಕಡೂರಿನಿಂದ ಬಂದ ಗಾಡಿಯವನೊಬ್ಬ ಅಂಗಳದಲ್ಲಿ ನಿಂತು ಕೂಗಿದ: "ಅಜ್ಜಂಪುರದ ಅಜ್ಜಿ ಹೇಳಿ ಕಳಿಸವ್ರೆ ಕಣವ್ವ. ಮಗು ಆಸ್ಪತ್ರೇಲೈತೆ. ಬೇಗ ಬರಬೇಕಂತೆ."

ಅಣ್ಣ ಆಗಲೇ ಎತ್ತು ಕಟ್ಟಿದ. ಕಡೂರಿನ ಆಸ್ಪತ್ರೆಯ ಜಗಲಿಯಲ್ಲಿ ಅತ್ತೆಯ ಮಡಿಲಲ್ಲಿ ಮಲಗಿದ್ದದ್ದು ನನ್ನ ಮಗಳೆಂದು ಗುರುತು ಹಿಡಿಯಲು ನನಗೆ ತಡವಾಯಿತು. ಮೈ ಸುಡುತ್ತಿತ್ತು, ಪಕ್ಕೆ ಏರಿಳಿಯುತ್ತಿತ್ತು. ಹೋಮದ ಹೊಗೆಯ ಮುಂದೆ ಕೂರಿಸಿ ಆ ಎಳೆಯ ಮಗುವಿಗೆ ಉಸಿರು ಕಟ್ಟುವುದನ್ನು ಕಲಿಸಿದ್ದರಂತೆ. ಕೆಮ್ಮು ಬಂತು, ಜ್ವರ ಏರಿತು. ಕಷಾಯ ಕೊಡಲು ಹೋದ ಅತ್ತೆಯನ್ನು, "ಔಷಧಿ ನೀರಿನ ಪದಾರ್ಥ, ವಾಯುವಿಗೆ ಆಗಲ್ಲ," ಎಂದು ನಮ್ಮವರು ತಡೆದರಂತೆ. ಅವರು ಹೋಮಕ್ಕೆ ಕೂತ ಹೊತ್ತು ನೋಡಿ, ಜನ್ಮದಲ್ಲಿ ರೈಲು ಹತ್ತದ ಆ ಹೆಂಗಸು ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಸ್ಟೇಷನ್ನಿಗೆ ನಡೆದಿದ್ದರು.

"ಎದೆಯಲ್ಲಿ ಕಫ ಕಟ್ಟಿದೆ. ನಮ್ಮ ಕೈಲಾದದ್ದು ಮಾಡುತ್ತೇವೆ," ಎಂದರು ಡಾಕ್ಟರು. ನಾನು ಕೊರಳಿನ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು, "ಕೇಳಿದ್ದಕ್ಕೆ ಹೀಗಾ ಕೊಡೋದು? ಮಣ್ಣು ಮಾಡೋದಕ್ಕಾ?" ಎಂದೆ. ಪಕ್ಕದಲ್ಲಿ ಅತ್ತೆಯೂ ಲಿಂಗ ಹಿಡಿದು ಕೂತಿದ್ದರು. ಆಕೆಯ ತುಟಿ ಮಾತ್ರ ಅಲುಗುತ್ತಿತ್ತು.

ನಮ್ಮವರು ಹುಡುಕಿಕೊಂಡು ಬಂದರು. ನನ್ನ ನೆರಳು ಸೋಕದಂತೆ ಮೆಟ್ಟಿಲ ಕೆಳಗೇ ನಿಂತರು.

"ಯಾರ್ನ ಕೇಳಿ ಕರ್ಕಂಡು ಬಂದೆ ಅವ್ವ?"

"ನಿನ್ನ ಹೆರುವಾಗ ಯಾರ್ನ ಕೇಳಿದ್ನೋ ಅವರ್ನೇ ಕೇಳ್ದೆ ಕಣೋ. ಹುಟ್ಟಿದಾಗ ಮಠದ ಗುರುಗಳು ನಿನಗೂ ಈ ನಿನ್ನ ಹೆಂಡ್ತಿಗೂ ಕಟ್ಟಿದ್ದು ಇದೇ ಲಿಂಗ. ನೀರಿಗೊಂದು, ಬೆಂಕಿಗೊಂದು ಅಂತ ಕಟ್ಲಿಲ್ಲ. ಹೋಗು, ನಿನ್ನ ಹೊಗೆ ಕಾಯ್ಕೋ ಹೋಗು."

ಅವರು ನಿಜಕ್ಕೂ ಹೋಗಿಬಿಟ್ಟರು. ಮಗುವಿನ ಮುಖವನ್ನೂ ನೋಡಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಪಾರ್ವತಿಗೆ ಬೆವರೊಡೆಯಿತು. ಕಣ್ಣು ಬಿಟ್ಟು ನನ್ನನ್ನು ನೋಡಿ, "ಅವ್ವ, ಉಸಿರು ಬಿಡ್ಲಾ?" ಎಂದು ಕೇಳಿತು. "ಬಿಡು ನನ್ನವ್ವ, ಬಿಡು," ಎಂದು ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಕೆ ಮತ್ತೆ ಅಜ್ಜಂಪುರಕ್ಕೆ ಹೋಗಲಿಲ್ಲ. "ಸೊಸೆ ಇಲ್ದಿರೋ ಮನೇಲಿ ನಂಗೇನ್ ಕೆಲ್ಸ?" ಎಂದು ಕಡೂರಿನ ಪೇಟೆಯ ಹಿಂದೆ ಒಂದು ಕೋಣೆ ಹಿಡಿದರು. ಇಬ್ಬರೂ ರೊಟ್ಟಿ ಬಡಿದು ಮಾರಿದೆವು. ನನ್ನ ರೊಟ್ಟಿಗೆ ಹೆಸರಿಡುವುದನ್ನು ಮಾತ್ರ ಆಕೆ ಕೊನೆಯವರೆಗೂ ಬಿಡಲಿಲ್ಲ.

ವರ್ಷ ತುಂಬುವ ಮೊದಲು ನಮ್ಮವರ ಕಡೆಯಿಂದ ಒಬ್ಬ ನೆಂಟ ಬಂದ. ಆ ಸಾಧು ಮತ್ತೊಮ್ಮೆ ನೋಡಿದನಂತೆ, ನನ್ನದು ಜಲವಲ್ಲ, ಪೃಥ್ವಿಯಂತೆ. ಬೆಂಕಿಯ ಜೊತೆ ಬಾಳಬಹುದಂತೆ. ಹೋಮದ ಮನೆಯಲ್ಲಿ ಅಡುಗೆಗೆ ಜನವಿರಲಿಲ್ಲವೆಂದು ಆಮೇಲೆ ತಿಳಿಯಿತು. ನಾನು ಹೋಗಲಿಲ್ಲ.

ಗಂಡನ ಮನಸ್ಸು ತಿರುಗಿಸೆಂದು ಬೇಡಿದ್ದೆ; ಮಲ್ಲಿಕಾರ್ಜುನ ಅದನ್ನು ಕೊಡಲಿಲ್ಲ, ನಾನೂ ಕೇಳುವುದನ್ನು ಬಿಟ್ಟೆ. ನನ್ನ ಹಗೆ ಎಂದುಕೊಂಡಿದ್ದವಳ ಕೈಯಲ್ಲಿ ಮಗುವನ್ನು ಕಳಿಸಿಕೊಟ್ಟ. ಅದಕ್ಕೆ ಅವನ ಪಾದಕ್ಕೆ ಶರಣು. ಎದೆಯ ಕಹಿ ಹೋಗಿಲ್ಲ; ಅದನ್ನೂ ಅವನ ಮುಂದೆಯೇ ಇಟ್ಟಿದ್ದೇನೆ. ಪಾರ್ವತಿಗೆ ಇಂದಿಗೂ ಬಾವಿಯಿಂದ ಎರಡನೇ ಕೊಡ ಸೇದಿದರೆ ಏದುಸಿರು ಬರುತ್ತದೆ. ನನಗೆ ಅಕ್ಷರ ಬಾರದು; ನಾನು ಹೇಳಿದ್ದನ್ನು ಇಲ್ಲಿ ಬರೆದವಳು ಅವಳೇ. ಅಜ್ಜಿ ಹೋಗಿ ಮೂರು ವರ್ಷವಾಯಿತು, ಅವರ ಹೆಸರನ್ನೂ ಹಾಕಲೇ ಎಂದು ಕೇಳುತ್ತಿದ್ದಾಳೆ. ಹಾಕು ಮಗಳೆ. ಅಜ್ಜಿಯ ಹೆಸರು ಬಸಮ್ಮ.