ತಂಗಿಯ ರಕ್ತದಲ್ಲಿ ಏನಿತ್ತು

ಶಿಗ್ಗಾಂವದ ನಮ್ಮ ಲೇಡಿ ಡಾಕ್ಟರ್ ಬಾಯಾರಿಗೆ ಎಡಗಿವಿ ಒಂಚೂರೂ ಕೇಳುತ್ತಿರಲಿಲ್ಲ, ಬಲಗಿವಿ ಅರ್ಧ ಕೇಳುತ್ತಿತ್ತು. ಎದುರು ಕುಳಿತವರು ಬಾಯಿ ತೆರೆದರೆ ಬಲಗಿವಿಯ ಮೇಲಿನ ಬಿಳಿಕೂದಲು ಸರಿಸಿ ಮುಂದಕ್ಕೆ ಬಾಗುತ್ತಿದ್ದರು. ಕೂಗಿಯೇ ಹೇಳಬೇಕಾಗುತ್ತಿತ್ತು. ಅದು ಹೊರಗೆ ಕಾಯುವವರಿಗೆ ಕೇಳಬಾರದೆಂದು ಅಲ್ಲೊಂದು ರೇಡಿಯೋ ಜೋರಾಗಿ ಹಚ್ಚಿಡುತ್ತಿದ್ದರು.

"ತಲಿನೋವಿಲ್ಲದ ಬಂದಿದ್ದೆ ಬಾಯಾರ, ನಿಮ್ಮ ರೇಡಿಯೋ ತಂದು ಹಚ್ಚಿತು" ಎಂದು ಕಾಳಿನ ವ್ಯಾಪಾರದ ಕಾಕಾ ಕೂಗಿದರೆ, "ಗುಳಗೀನೂ ನಾನ ಕೊಡ್ತೇನಿ, ಕುಂದ್ರು" ಎನ್ನುತ್ತಿದ್ದರು.

ನಮ್ಮಲ್ಲಿ ಸಂಬಂಧದೊಳಗೇ ಮದುವೆ ಹೆಚ್ಚು. ಗಂಡ ಹೆಂಡತಿ ಇಬ್ಬರ ರಕ್ತದಲ್ಲೂ ಥಲಸ್ಸೇಮಿಯವೆಂಬ ರಕ್ತದ ಕಾಯಿಲೆಯ ಅಂಶವಿದ್ದರೆ ಕೂಸಿಗೆ ಆ ಕಾಯಿಲೆ ಬರಬಹುದು. ಒಬ್ಬರಲ್ಲಷ್ಟೇ ಇದ್ದರೆ ಆ ಭಯವಿಲ್ಲ. ಇದು ಮೊದಲೇ ತಿಳಿಯಲೆಂದು ಬಾಯಾರು ಕಲ್ಯಾಣ ಮಂಟಪದಲ್ಲಿ ರಕ್ತ ತಪಾಸಣೆ ಮಾಡಿಸಿದರು. ಫಲಿತಾಂಶ ಹೇಳುವ ದಿನ ಹಾಳೆಗಳನ್ನು ಸಮಾಜದ ಹಿರಿಯರ ಕೈಗೆ ಕಳಿಸಿ, ತಾವು ಒಂದು ಹೆರಿಗೆ ಮುಗಿಸಿ ಬರುವಷ್ಟರಲ್ಲಿ ತಡವಾಯಿತು. ಹಿರಿಯರು ಕಾಯಲಿಲ್ಲ. ಊಟದ ಪಂಕ್ತಿ ಕೂರಿಸಿ ರೂಢಿಯಿದ್ದವರು. ಅಂಶವಿದ್ದವರನ್ನು ಹೆಸರು ಕೂಗಿ ಬೇರೆ ಜಮಖಾನದ ಮೇಲೆ ಕೂರಿಸಿದರು. ನಾನೂ ಹೋಗಿ ಕುಳಿತೆ.

ಬಾಯಾರು ಬಾಗಿಲಲ್ಲೇ ನಿಂತರು. "ಯಾರು ಮಾಡಿದ್ದಿದು?"

"ನಾವ ರೀ. ಲಗೂನ ಮುಗೀಲಿ ಅಂತ" ಎಂದರು ಹಿರಿಯರು, ಹೆಮ್ಮೆಯಿಂದ.

ನನಗೆ ಮದುವೆಯಾಗಿ ಗಟ್ಟಿಮುಟ್ಟಾದ ಮಕ್ಕಳಿದ್ದರು, ನನ್ನದೇನೂ ಕೆಡಲಿಲ್ಲ. ಕೆಟ್ಟದ್ದು ತಂಗಿಯದು. ಅವಳು ರಕ್ತವನ್ನೇ ಕೊಟ್ಟಿರಲಿಲ್ಲ. ಆದರೂ ನಿಶ್ಚಯ ಮಾಡಿಕೊಂಡಿದ್ದ ಹಿರೇಕೆರೂರಿನವರು ಹೇಳಿಕಳಿಸಿದರು: "ಅಕ್ಕಗ ಐತಿ ಅಂದಮ್ಯಾಲ ತಂಗಿಗೂ ಇರತೈತಿ. ನಮಗ ಬ್ಯಾಡ."

ಬಾಯಾರು ಅಪ್ಪನ ಮನೆಗೆ ಬಂದರು. ಚಹಾ ಮುಟ್ಟಲಿಲ್ಲ. "ತಪ್ಪು ನಂದ. ಒಬ್ಬರ ರಕ್ತ ಬಯಲಿಗಿಟ್ರ ಮನಿಮಂದೀದೆಲ್ಲ ಬಯಲಿಗಿಟ್ಟಂಗ. ಗೊತ್ತಿದ್ದೂ ಹಾಳಿ ಕೊಟ್ಟೆ."

"ಹಂಗಾರ ಸಣ್ಣಾಕೀದೂ ನೋಡ್ರಿ" ಎಂದ ಅಪ್ಪ. "ಇಲ್ಲಂತ ಬಂದ್ರ ಅವರ ಮಾರಿ ಮ್ಯಾಲ ಒಗೀತೇನಿ."

ಬಾಯಾರು ತಂಗಿಯತ್ತ ಬಲಗಿವಿ ತಿರುಗಿಸಿದರು. "ನಿನಗ ಬೇಕೇನವಾ?"

"ಇವರಿಗೆ ತೋರಿಸಿದ್ರ ನಾಳೆ ಬಂದವರಿಗೂ ತೋರಸಬೇಕು. ಬ್ಯಾಡ್ರಿ."

"ಆತು. ಬ್ಯಾಡ."

ಅಪ್ಪನಿಗೆ ಸಿಟ್ಟು ಬಂತು. ಸಕ್ಕರೆ ಕಾಯಿಲೆಯ ಗುಳಿಗೆಗೂ ಸವಣೂರಿಗೆ ಹೋಗತೊಡಗಿದ. ಬಾಯಾರು ಮತ್ತೆಂದೂ ಮಂಟಪ ಹಿಡಿಯಲಿಲ್ಲ. ತಪಾಸಣೆ ಬೇಕೆಂದವರನ್ನು ಒಬ್ಬೊಬ್ಬರನ್ನಾಗಿ ಕರೆದು, ಬಾಗಿಲು ಹಾಕಿ, ತಾವೇ ಹೇಳುತ್ತಿದ್ದರು. ಸಂಜೆಯ ಹೊತ್ತಿಗೆ ಅವರ ದನಿಯೇ ಸೋತಿರುತ್ತಿತ್ತು.

ಕೆಲವು ವರ್ಷಗಳ ಮೇಲೆ ಹಾನಗಲ್ಲಿನ ಹುಡುಗನೊಬ್ಬ ತಂಗಿಯನ್ನು ಒಪ್ಪಿದ. ಇಬ್ಬರೂ ತಾವಾಗಿಯೇ ಬಾಯಾರ ಕಡೆ ಹೋಗಿ ರಕ್ತ ಕೊಟ್ಟು, ಫಲಿತಾಂಶ ಕೇಳಿಕೊಂಡು ಬಂದರು. ಮದುವೆಯಾಯಿತು. ಅಪ್ಪ ತಡೆಯಲಾರದೆ, ಅಷ್ಟು ದಿನ ತುಳಿಯದ ದವಾಖಾನೆಗೆ ಹೋಗಿ, "ನಾ ಹಡದಪ್ಪ ಅದೀನ್ರಿ, ನನಗರ ಹೇಳ್ರಿ" ಎಂದ. ಬಾಯಾರು ಎಡಗಿವಿ ತಿರುಗಿಸಿ ಕುಳಿತುಬಿಟ್ಟರಂತೆ. ಮನೆಗೆ ಬಂದು ಅಪ್ಪನೇ ನಕ್ಕ. ಗುಳಿಗೆ ಮತ್ತೆ ಅಲ್ಲಿಂದಲೇ ಬಂದವು.

ಹೋದ ವರ್ಷ ಬಾಯಾರು ತೀರಿಕೊಂಡರು. ಮಣ್ಣಿಗೆ ಬಂದಿದ್ದ ಹಿರೇಕೆರೂರಿನ ಆ ಮನೆಯ ಯಜಮಾನರು ಹಿಂದಿರುಗುವಾಗ ನನ್ನ ಪಕ್ಕ ಬಂದು ಮೆಲ್ಲಗೆ ಕೇಳಿದರು: "ಈಗರ ಹೇಳವಾ, ತಂಗಿಗೆ ಇತ್ತೇನು?"

ನನಗೆ ಗೊತ್ತಿರಲಿಲ್ಲ. ಇಂದಿಗೂ ಗೊತ್ತಿಲ್ಲ, ಕೇಳಿಯೂ ಇಲ್ಲ. ಗೊತ್ತಿದ್ದವರು ಮೂವರು. ಒಬ್ಬರನ್ನು ಆಗಷ್ಟೇ ಮಣ್ಣು ಮಾಡಿದ್ದೆವು.