‘ಗೊತ್ತಿಲ್ಲ’ ಎಂದ ಟೀಚರ್

ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಮಕ್ಕಳ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ ಏನೋ ಒಂದು ಹೇಳಿ ತೇಲಿಸಬೇಡಿ, ‘ನನಗೂ ಗೊತ್ತಿಲ್ಲ, ಸೇರಿ ಹುಡುಕೋಣ’ ಎನ್ನಿ ಎಂದು ಮಣಿಪಾಲದ ತಂಪು ಕೋಣೆಯಲ್ಲಿ ನಿಂತು ಹೇಳುತ್ತಿದ್ದೆ. ಕಾಪು ಕಡೆಯ ಶಾಲೆಯೊಂದರ ಅತಿಥಿ ಶಿಕ್ಷಕಿ ಅದನ್ನು ನಂಬಿದಳು. ಎರ್ಮಾಳಿನ ಮೀನುಗಾರರ ಮನೆಯವಳು, ಕೆಲಸಕ್ಕೆ ಹೊಸಬಳು.

ಅವಳ ತರಗತಿಯಲ್ಲಿ ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಗಳೊಬ್ಬಳು ಕೇಳಿದಳಂತೆ: ಮೀನಿಗೆ ರೆಪ್ಪೆಯೇ ಇಲ್ಲವಲ್ಲ, ಅದು ನಿದ್ದೆ ಮಾಡುವುದು ಹೇಗೆ? ಮೀನಿನ ನಡುವೆಯೇ ಬೆಳೆದ ಟೀಚರಿಗೆ ಅದು ಹೊಳೆದೇ ಇರಲಿಲ್ಲ. ಗೊತ್ತಿಲ್ಲ ಎಂದಳು. ಮಾರನೆಯ ದಿನ ಮಕ್ಕಳನ್ನೆಲ್ಲ ಹತ್ತಿರದ ಬ್ಯಾರಿಯವರ ಅಂಗಡಿಗೆ ಕರೆದೊಯ್ದು, ಅಲ್ಲಿದ್ದ ಮೀನಿನ ಗಾಜಿನ ತೊಟ್ಟಿಯ ಮುಂದೆ ಕೂರಿಸಿದಳು. ಫೋನಿನಲ್ಲಿ ಇದನ್ನು ಹೇಳುವಾಗ ಅವಳ ದನಿಯಲ್ಲಿದ್ದ ಸಂತೋಷ ಕೇಳಿ ನಾನೂ ಉಬ್ಬಿಹೋದೆ.

ಸ್ವಲ್ಪ ದಿನದಲ್ಲೇ ಮುಖ್ಯೋಪಾಧ್ಯಾಯರ ಬಳಿ ದೂರು ಬಂತು. ವಿಷಯ ತಿಳಿದು ನಾನೂ ಹೋದೆ. ಹುಡುಗಿಯ ತಾಯಿ ಕೆಲಸ ಬಿಟ್ಟು ನೇರ ಬಂದಿದ್ದರು. ಸೆರಗಿನ ಮೇಲೆ ಸಿಮೆಂಟು ಇನ್ನೂ ಹಾಗೇ ಇತ್ತು. ಅವರು ದನಿ ಏರಿಸಲಿಲ್ಲ.

“ನಮಗ ಗೊತ್ತಿಲ್ಲಂತನ ಮಗಳ್ನ ಸಾಲಿಗೆ ಕಳಸತೀವ್ರಿ. ಟೀಚರಿಗೂ ಗೊತ್ತಿಲ್ಲಂದ್ರ ಹೆಂಗ್ರಿ?”

ಹಾಗೆ ಹೇಳಲು ಕಲಿಸಿದವಳು ನಾನೇ ಎಂದೆ. ಅವರು ನನ್ನ ಕಡೆ ತಿರುಗಿ, ನೀವು ಯಾವ ಶಾಲೆಯ ಟೀಚರ್ ಎಂದು ಕೇಳಿದರು. ಯಾವ ಶಾಲೆಯದ್ದೂ ಅಲ್ಲ ಎನ್ನುವಾಗ ನನಗೆ ತಲೆ ಎತ್ತಲಾಗಲಿಲ್ಲ. ‘ಗೊತ್ತಿಲ್ಲ’ ಎಂಬ ಮಾತಿನಿಂದ ನಾನು ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ. ಮೂಲೆಯಲ್ಲಿ ನಿಂತಿದ್ದ ಟೀಚರಿಗೆ ಮುಂದಿನ ವರ್ಷದ ಕೆಲಸವೇ ಖಾತ್ರಿ ಇರಲಿಲ್ಲ.

ಕೆಲಸವೇನೋ ಉಳಿಯಿತು. ಆದರೆ ವಿಜ್ಞಾನವನ್ನು ಇನ್ನೊಬ್ಬರಿಗೆ ಕೊಟ್ಟು, ಅವಳನ್ನು ಚಿಕ್ಕ ಮಕ್ಕಳ ಕನ್ನಡ ಪಾಠಕ್ಕೆ ಹಾಕಿದರು.

ಮೊನ್ನೆ ಕಟಪಾಡಿಯಲ್ಲಿ ಬಸ್ಸಿಗೆ ಕಾಯುವಾಗ ಸಿಕ್ಕಿದಳು. ಕ್ಷಮೆ ಕೇಳಲು ಹೊರಟೆ. ನಿಮ್ಮದೆಂತ ತಪ್ಪುಂಟು ಮೇಡಂ ಎಂದು ಅವಳೇ ತಡೆದಳು. ಆ ಹುಡುಗಿ ಈಗಲೂ ಶಾಲೆಯ ಜಗಲಿಯಲ್ಲಿ ಇವಳನ್ನು ನಿಲ್ಲಿಸಿ ಏನಾದರೂ ಕೇಳುತ್ತಿರುತ್ತಾಳಂತೆ. ಉತ್ತರ ಗೊತ್ತಿಲ್ಲದಿದ್ದರೆ ಏನು ಮಾಡುತ್ತೀರಿ ಎಂದೆ.

“ಗೊತ್ತುಂಟು, ನಾಳೆ ಹೇಳ್ತೇನೆ ಅಂತ ಹೇಳುವುದು. ಆಮೇಲೆ ಮನೆಗೆ ಹೋಗಿ ಹುಡುಕುವುದು.”

ಅಷ್ಟರಲ್ಲಿ ಉಡುಪಿ ಬಸ್ಸು ಬಂತು. ತುಂಬಾ ರಶ್ ಇತ್ತು. ನಾನು ಹತ್ತುವವರೆಗೆ ನನ್ನ ಚೀಲವನ್ನು ಅವಳೇ ಹಿಡಿದುಕೊಂಡು, ಆಮೇಲೆ ಕಿಟಕಿಯಿಂದ ಕೊಟ್ಟಳು.