ಫೈಲುಗಳು ಜಾಗ ಬದಲಿಸಿದ ವಾರ

ಶಿವಮೊಗ್ಗದ ಹೊಸಮನೆಯಲ್ಲಿ ನಮ್ಮದು ಇಬ್ಬರೇ ಕೂರುವ ಪುಟ್ಟ ಆಫೀಸು. ನಾನು, ಮತ್ತು ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಬರುವ, ನನಗಿಂತ ಚಿಕ್ಕವಳಾದ ಸಹೋದ್ಯೋಗಿ. ಆಗ ಭದ್ರಾವತಿಯ ಒಂದು ಕಲ್ಯಾಣ ಮಂಟಪಕ್ಕೆ ಬುಕಿಂಗ್ ವೆಬ್‌ಸೈಟ್ ಮಾಡುತ್ತಿದ್ದೆವು. ಕೋಡನ್ನು ನಾನು ಬಗೆಬಗೆಯಾಗಿ ವಿಂಗಡಿಸಿ ಇಡುವವಳು. ಬಟನ್ನುಗಳೆಲ್ಲ ಒಂದು ಫೋಲ್ಡರಿನಲ್ಲಿ, ಪುಟಗಳೆಲ್ಲ ಇನ್ನೊಂದರಲ್ಲಿ. ಅಡುಗೆಮನೆಯಲ್ಲಿ ಬೇಳೆ ಡಬ್ಬಿಗಳ ಸಾಲಿನಲ್ಲಿ ಸಕ್ಕರೆ ಡಬ್ಬಿ ಕಂಡರೂ ನನಗೆ ಆಗುವುದಿಲ್ಲ.

ಒಂದು ಸೋಮವಾರ ಬೆಳಿಗ್ಗೆ ನೋಡಿದರೆ ಕ್ಯಾಲೆಂಡರಿನ ಬಟನ್ನಿನ ಫೈಲು ಅದರ ಜಾಗದಲ್ಲಿರಲಿಲ್ಲ. ಹುಡುಕಿದಾಗ ‘ಬುಕಿಂಗ್’ ಎಂಬ ಹೊಸ ಫೋಲ್ಡರಿನಲ್ಲಿ ಸಿಕ್ಕಿತು. ಮರುದಿನ ಇನ್ನಷ್ಟು ಫೈಲುಗಳು ಅಲ್ಲಿಗೆ ಹೋಗಿದ್ದವು. ಅವಳು ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ, ಅವಳು ಊಟಕ್ಕೆ ಎದ್ದಾಗ ಯಾವುದು ಎಲ್ಲಿಗೆ ಹೋಯಿತೆಂದು ನೋಡುತ್ತಿದ್ದೆ. ಎಲ್ಲವೂ ತನಗೊಬ್ಬಳಿಗೇ ಗೊತ್ತಿರುವಂತೆ ಮಾಡಿಕೊಂಡು ನನ್ನನ್ನು ಹೊರಗಿಡುತ್ತಾಳೆ ಎಂದೇ ಅನುಮಾನ. ಅವಳು ಫೋನ್ ಹಿಡಿದು ಬಾಲ್ಕನಿಗೆ ಹೋದರೂ ಮಂಟಪದ ಮಾಲೀಕರ ಹತ್ತಿರವೇ ಮಾತಾಡುತ್ತಿದ್ದಾಳೆ ಅನಿಸುತ್ತಿತ್ತು.

ಆ ವಾರವೇ ಕೆಲಸ ತೋರಿಸಲು ಇಬ್ಬರೂ ಮಂಟಪಕ್ಕೆ ಹೋದೆವು. ಅಲ್ಲಿನ ಮ್ಯಾನೇಜರು ನೋಡಿ, “ಬೆಳಿಗ್ಗೆ ಒಬ್ರಿಗೆ, ಸಂಜೆ ಇನ್ನೊಬ್ರಿಗೆ ಕೊಡ್ತೀವಿ ನಾವು. ಇದ್ರಲ್ಲಿ ಇಡೀ ದಿನ ಒಬ್ರಿಗೇ ಹೋಗುತ್ತಲ್ಲ?” ಎಂದರು. ಯಾವ್ಯಾವ ಫೋಲ್ಡರ್ ತೆರೆಯಬೇಕೆಂದು ನಾನು ಯೋಚಿಸುವಷ್ಟರಲ್ಲಿ ಅವಳು ಆ ಹೊಸ ಫೋಲ್ಡರೊಂದನ್ನೇ ತೆರೆದು ಸರಿಪಡಿಸಿಬಿಟ್ಟಳು. ಮ್ಯಾನೇಜರಿಗೆ ಖುಷಿ. ನನಗೆ ಮಾತ್ರ ನಂಬಿಕೆ ಬರಲಿಲ್ಲ. ರಸೀದಿಯ ಪುಟ ತೆರೆದು ತೋರಿಸಿದೆ. ಅಲ್ಲಿ ಇನ್ನೂ ಇಡೀ ದಿನವೇ ಇತ್ತು. ವೇಳೆ ನಿರ್ಧರಿಸುವ ಕೋಡನ್ನು ಅವಳು ರಸೀದಿಗೂ ಒಂದು ನಕಲು ಮಾಡಿಟ್ಟಿದ್ದಳು. ಈಗ ತಿದ್ದಿದ್ದು ಒಂದನ್ನು ಮಾತ್ರ. ಮುಖ ಕೆಂಪಗೆ ಮಾಡಿಕೊಂಡು ಅದನ್ನೂ ತಿದ್ದಿದಳು.

ಅವಳ ಊರೇ ಅದು, ನನ್ನನ್ನು ಶಿವಮೊಗ್ಗದ ಬಸ್ಸಿಗೆ ಬಿಡಲು ಬಸ್ ಸ್ಟ್ಯಾಂಡಿನವರೆಗೆ ಬಂದಳು. ಅಲ್ಲಿ ಕೇಳಿಯೇಬಿಟ್ಟೆ. “ನಂಗೊಂದು ಮಾತು ಹೇಳ್ದೆ ಯಾಕೆ ಮಾರಾಯ್ತಿ ಎಲ್ಲ ಎತ್ತಿಟ್ಟೆ?”

“ಹೇಳಿದ್ರೆ ಬೇಡ ಅಂತಿದ್ರಿ ಅಕ್ಕ. ನೀವು ರಜೆ ಹಾಕಿದ್ದಾಗ ಒಂದು ತಾರೀಖು ಬದಲಾಯಿಸೋಕೆ ಎಷ್ಟು ಹುಡುಕಾಡಿದೀನಿ ಗೊತ್ತಾ? ಬುಕಿಂಗಿಗೆ ಬೇಕಾಗಿದ್ದೆಲ್ಲ ಒಂದೇ ಕಡೆ ಇರ್ಲಿ ಅಂತ ಇಟ್ಟೆ.”

“ಹಂಗಂತ ಒಂದೇ ಕೋಡನ್ನ ಎರಡು ಕಡೆ ಬರೆಯೋದಾ?”

“ಅದು ತಪ್ಪೇ. ಆದ್ರೆ ನೀವು ಬೇಕಂತ್ಲೇ ಅವ್ರ ಮುಂದೆ ರಸೀದಿ ತೆಗೆದ್ರಿ ಅನ್ನಿಸ್ತು ನಂಗೆ.”

ಅವಳಿಗೂ ನನ್ನ ಮೇಲೆ ಅನುಮಾನವಿದೆಯೆಂದು ಗೊತ್ತಾದದ್ದು ಆಗಲೇ. ಅಷ್ಟರಲ್ಲಿ ಬಸ್ಸು ಬಂತು, ಹತ್ತಿದೆ.

ಮರುದಿನ ಕೂತು ಮಾತಾಡಿ ಒಂದು ಒಪ್ಪಂದಕ್ಕೆ ಬಂದೆವು. ಒಂದೊಂದು ಕೆಲಸಕ್ಕೆ ಒಂದೊಂದು ಫೋಲ್ಡರ್, ಎರಡು ಕಡೆ ಬೇಕಾದ ಕೋಡು ಮಾತ್ರ ಹೊರಗೆ, ಅದೂ ಒಂದೇ ಪ್ರತಿ, ಹೇಳದೆ ಯಾವುದನ್ನೂ ಸರಿಸುವಂತಿಲ್ಲ. ಮಂಟಪದ ಬುಕಿಂಗ್ ಈಗ ಚೆನ್ನಾಗಿಯೇ ನಡೆಯುತ್ತಿದೆ. ಆದರೂ ಅವಳು ಬರೆದದ್ದನ್ನು ಸಾಲು ಸಾಲಾಗಿ ಓದದೆ ನಾನು ಒಪ್ಪುವುದಿಲ್ಲ. ನನ್ನದನ್ನು ಓದುವಾಗ ಅವಳು ಹುಬ್ಬು ಗಂಟಿಕ್ಕುತ್ತಾಳೆ. ಏನು ಸಿಕ್ಕಿತೋ ಎಂದು ನಾನು ಓರೆಗಣ್ಣಿನಲ್ಲಿ ನೋಡುತ್ತಿರುತ್ತೇನೆ.